ಉಕ್ಕು : ಹೆಸರು ಉಳಿಯಿತು, ವಿದ್ಯೆ ಮರೆಯಿತು

ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಕಬ್ಬಿಣದ ಮಾತು ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ಕೇಳುವುದು ಸಹಜ. ಆದರೆ ನಮ್ಮ ಸಂಘದ ಇಪ್ಪತ್ತೈದು ವರ್ಷಗಳ ಲೆಕ್ಕವನ್ನೆಲ್ಲ ತಿರುವಿ ನೋಡಿದರೆ ಅದರ ಹಿಂದೆ ಕಾಣುವುದು ಕಬ್ಬಿಣವೇ. ಕುಂಟೆಯ ಕುಡ, ರಂಟೆಯ ಗುಳ, ಕುಡಗೋಲು, ಕುರಪಿ, ಗುದ್ದಲಿ, ಚಕ್ಕಡಿಯ ಹಳಿ, ಈಗ ಟ್ರ್ಯಾಕ್ಟರಿನ ನೇಗಿಲು. ಇವು ಇಲ್ಲದಿದ್ದರೆ ನಮ್ಮ ಆಲಮೇಲ ಸೀಮೆಯ ಎರಿ ಭೂಮಿಯಲ್ಲಿ ಜೋಳವೂ ಇಲ್ಲ, ಕಬ್ಬೂ ಇಲ್ಲ. ಬೆಳೆ ಇಲ್ಲದಿದ್ದರೆ ಸಾಲವೂ ಇಲ್ಲ, ವಸೂಲಿಯೂ ಇಲ್ಲ, ಸಂಘವೂ ಇಲ್ಲ!

ಹೀಗಾಗಿ ಈ ಶುಭ ಸಂದರ್ಭದಲ್ಲಿ ನಾವು ಒಂದು ಲೋಹದ ಚರಿತ್ರೆಯನ್ನು ಸದಸ್ಯರ ಮುಂದೆ ಇಡಬೇಕೆಂದಿದ್ದೇವೆ. ಇದು ಒಂದು ಕಾಲಕ್ಕೆ ಜಗತ್ತಿನಲ್ಲೆಲ್ಲ ಕಥೆಯಾಗಿ ಹಬ್ಬಿದ ಲೋಹ. ಅರಬಸ್ತಾನದ ಕವಿಗಳು ಇದನ್ನು ಹಾಡಿದರು, ಯುರೋಪಿನ ವಿದ್ವಾಂಸರು ಇದರ ಗುಟ್ಟಿಗಾಗಿ ತಲೆ ಕೆಡಿಸಿಕೊಂಡರು. ಕಡೆಗೆ ಇದನ್ನು ಮಾಡುವ ವಿದ್ಯೆಯೇ ಮರೆತುಹೋಯಿತು. ಈ ಲೋಹದ ಹೆಸರು ನಮ್ಮ ಮನೆಮಾತಿನಲ್ಲೇ ಇದೆ. ಅದೇ ಉಕ್ಕು.

ಕಥೆಯ ಲೋಹ

ನಮ್ಮ ಕಡೆ ಪರುಷಮಣಿಯ ಕಥೆ ಕೇಳದವರಿಲ್ಲ. ಅದು ಮುಟ್ಟಿದರೆ ಕಬ್ಬಿಣ ಹೊನ್ನಾಗುತ್ತದೆ ಅಂತಾರೆ. ಪಶ್ಚಿಮದ ದೇಶಗಳಲ್ಲಿ ಅಂಥದೇ ಕಥೆ ಕತ್ತಿಯ ಬಗ್ಗೆ ಇತ್ತು. ಸಿರಿಯಾ ದೇಶದ ದಮಾಸ್ಕಸ್ ಪಟ್ಟಣದ ಹೆಸರಿನಲ್ಲಿ ಪ್ರಸಿದ್ಧವಾದ ಆ ಕತ್ತಿಯ ಮೇಲೆ ಗಾಳಿಯಲ್ಲಿ ತೇಲುವ ರೇಷ್ಮೆಯ ವಸ್ತ್ರ ಬಿದ್ದರೆ ಎರಡು ತುಂಡು. ಅಲಗಿನ ಮೇಲೆ ನೀರಿನ ತೆರೆಯ ಹಾಗೆ ಗೆರೆಗಳು. ಬಗ್ಗಿಸಿದರೆ ಬಗ್ಗೀತು, ಮುರಿಯದು. ಇಂಗ್ಲಿಷ್ ಕಾದಂಬರಿಕಾರ ವಾಲ್ಟರ್ ಸ್ಕಾಟ್ 1825ರಲ್ಲಿ ಬರೆದ ಒಂದು ಕಾದಂಬರಿಯಲ್ಲಿ ಸುಲ್ತಾನ ಸಲಾದಿನ್ ಇಂಥ ಕತ್ತಿಯಿಂದ ಮೆತ್ತೆಯನ್ನೂ ತೆಳು ಮುಸುಕನ್ನೂ ಸೀಳುತ್ತಾನೆ. ಆ ಕತ್ತಿಗೆ ಮನುಷ್ಯನ ರಕ್ತದಲ್ಲಿ ಹದ ಕೊಡುತ್ತಿದ್ದರು ಎಂಬ ಭಯಂಕರ ಸುಳ್ಳುಗಳೂ ಹಬ್ಬಿದ್ದವು.

ಕತ್ತಿಯ ಹೆಸರು ದಮಾಸ್ಕಸ್ಸಿನದಾದರೂ ಅದರ ಲೋಹ ಬಹುಮಟ್ಟಿಗೆ ಹೋಗುತ್ತಿದ್ದುದು ನಮ್ಮ ದಕ್ಷಿಣ ದೇಶದಿಂದ ಮತ್ತು ಸಿಂಹಳದಿಂದ. ಕತ್ತಿಗೆ ಅರಬ್ಬಿ ಭಾಷೆಯಲ್ಲಿ 'ಮುಹನ್ನದ್' ಎಂಬ ಒಂದು ಹೆಸರಿದೆ. ಅಂದರೆ ಹಿಂದದ್ದು, ಹಿಂದೂಸ್ಥಾನದ್ದು ಎಂದರ್ಥ. 9ನೇ ಶತಮಾನದಲ್ಲೇ ಅಲ್ ಕಿಂದಿ ಎಂಬ ಅರಬ್ಬಿ ಪಂಡಿತ ಕತ್ತಿಗಳ ಮೇಲೆ ಒಂದು ಗ್ರಂಥ ಬರೆದು ಯಾವ ದೇಶದ ಉಕ್ಕು ಎಂಥದು ಎಂದು ವಿಂಗಡಿಸಿದ. 12ನೇ ಶತಮಾನದ ಇದ್ರೀಸಿ ಎಂಬ ಭೂಗೋಳ ಪಂಡಿತ ಹಿಂದೂಸ್ಥಾನದ ಕಬ್ಬಿಣದ ಕತ್ತಿಗೆ ಸಮನಾದದ್ದಿಲ್ಲ ಎಂದು ಹೊಗಳಿದ. ಇದೇ 12ನೇ ಶತಮಾನದಲ್ಲಿ ನಮ್ಮ ನೆಲದಲ್ಲಿ ಬಸವಾದಿ ಶರಣರು ಕಾಯಕದ ಮಹತ್ವವನ್ನು ಸಾರುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಈ ನಾಡಿಗೆ ಕಬ್ಬಿಣ ಹೊಸದಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ತುಂಗಭದ್ರೆಯ ದಂಡೆಯ ಮೇಲೆ ನಡೆದ ಉತ್ಖನನದಲ್ಲಿ ಕ್ರಿಸ್ತಪೂರ್ವ 1000ದ ಸುಮಾರಿನ ಕಬ್ಬಿಣದ ಸಾಮಾನುಗಳು ಸಿಕ್ಕಿವೆ. ಅಂದರೆ ಮೂರು ಸಾವಿರ ವರ್ಷಗಳಿಂದ ನಮ್ಮವರು ಕುಲುಮೆ ಊದುತ್ತ ಬಂದಿದ್ದಾರೆ.

ವಿಜಯಪುರದ ಕೋಟೆಯಲ್ಲಿ ಕಾಣುವುದೇನು?

ನಮ್ಮ ಸೀಮೆಯ ಎರಿ ಮಣ್ಣಿನ ಕೆಳಗೆ ಇರುವುದು ಕರಿಗಲ್ಲು. ಒಳ್ಳೆಯ ಕಬ್ಬಿಣದ ಅದಿರು ಸಂಡೂರು, ಹೊಸಪೇಟೆಯ ಕಡೆ. ಹೀಗಾಗಿ ಉಕ್ಕು ನಮ್ಮೂರಲ್ಲೇ ತಯಾರಾಗುತ್ತಿತ್ತು ಎಂದು ನಾವು ಹೆಮ್ಮೆಗಾಗಿ ಸುಳ್ಳು ಹೇಳಬೇಕಾಗಿಲ್ಲ. ಆದರೆ ಉಕ್ಕನ್ನು ಕೊಂಡು ಬಳಸಿದ ದೊಡ್ಡ ಗಿರಾಕಿಗಳಲ್ಲಿ ವಿಜಾಪುರದ ಆದಿಲಶಾಹಿಯೂ ಒಂದು. ಬಹಮನಿ, ವಿಜಯನಗರ, ಆದಿಲಶಾಹಿ, ಕುತುಬಶಾಹಿ ಹೀಗೆ ದಖ್ಖನ್ನಿನ ಎಲ್ಲ ದರಬಾರುಗಳಿಗೂ ಕತ್ತಿ, ಕಠಾರಿ ಬೇಕೇ ಬೇಕಿತ್ತು. 1565ರ ತಾಳಿಕೋಟೆಯ ಯುದ್ಧದಲ್ಲಿ ಎರಡೂ ಕಡೆಯವರ ಕೈಯಲ್ಲಿ ಇದ್ದದ್ದು ಇದೇ ದಖ್ಖನ್ನಿನ ಕಂಬಾರರ ಕೆಲಸ. ವಿಜಾಪುರ ಮತ್ತು ಗೋಲ್ಕೊಂಡದ ಕಡೆಯ 16ನೇ ಶತಮಾನದ ಕಠಾರಿಗಳನ್ನು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಾರೆ.

ವಿಜಯಪುರಕ್ಕೆ ಹೋದವರೆಲ್ಲ ಮಲಿಕ್-ಎ-ಮೈದಾನ ತೋಪನ್ನು ಮುಟ್ಟಿ ಬರುತ್ತಾರೆ. ಅದು ಉಕ್ಕಿನದಲ್ಲ, ಗಂಟೆಯ ಲೋಹದ್ದು. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಆದರೆ ಉಪ್ಪಲಿ ಬುರುಜಿನ ಮೇಲೆ ಹತ್ತಿ ಅಲ್ಲಿರುವ ಸುಮಾರು 30 ಅಡಿ ಉದ್ದದ ತೋಪನ್ನು ಎಷ್ಟು ಜನ ಕಣ್ಣಿಟ್ಟು ನೋಡುತ್ತಾರೆ? ಅದು ಕಬ್ಬಿಣದ್ದು. ಉದ್ದನ್ನ ಕಬ್ಬಿಣದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಕಾಯಿಸಿದ ಬಳೆಗಳನ್ನು ಮೇಲಿಂದ ತೊಡಿಸಿ ಬಡಿದು ಕೂಡಿಸಿದ್ದು. ಚಕ್ಕಡಿಯ ಗಾಲಿಗೆ ಹಳಿಯನ್ನು ಕಾಯಿಸಿ ತೊಡಿಸಿ ನೀರು ಹೊಯ್ದು ಬಿಗಿಮಾಡುವುದನ್ನು ಕಂಡ ಹಿರಿಯರಿಗೆ ಈ ಕೆಲಸ ತಕ್ಷಣ ಗೊತ್ತಾದೀತು. ಚಕ್ಕಡಿಯ ಹಳಿಗೂ ತೋಪಿನ ಬಳೆಗೂ ವಿದ್ಯೆ ಒಂದೇ.

ಉಕ್ಕು ಮಾಡುತ್ತಿದ್ದ ಬಗೆ

1799ರಲ್ಲಿ ಟಿಪ್ಪು ಸುಲ್ತಾನ ಬಿದ್ದ ಮೇಲೆ ಕಂಪನಿ ಸರಕಾರದವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಯ ಬೆಳೆ, ಕಸುಬು, ವ್ಯಾಪಾರ ಎಲ್ಲವನ್ನೂ ನೋಡಿ ಬರೆಯಲು ಕಳಿಸಿದರು. ಅವನು 1800-1801ರಲ್ಲಿ ಊರೂರು ತಿರುಗಿದ. ಮಾಗಡಿಯ ಕಡೆ, ತುಮಕೂರಿನ ಕಡೆ ಕಬ್ಬಿಣ ಮತ್ತು ಉಕ್ಕು ಮಾಡುವುದನ್ನು ಕುಲುಮೆಯ ಮುಂದೆ ನಿಂತು ನೋಡಿ ಬರೆದುಕೊಂಡ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಅವನು ಕಂಡದ್ದರ ಸಾರ ಹೀಗಿದೆ.

ಮೊದಲು ಅದಿರಿನಿಂದ ಮೆದು ಕಬ್ಬಿಣ ತೆಗೆಯಬೇಕು. ಅದನ್ನು ಬಡಿದು ಸಣ್ಣ ತುಂಡು ಮಾಡಬೇಕು. ಮಣ್ಣಿನ ಸಣ್ಣ ಸಣ್ಣ ಮೂಸೆಗಳನ್ನು ಮಾಡಿಕೊಂಡು ಒಂದೊಂದರಲ್ಲಿ ಒಂದು ತುಂಡು ಕಬ್ಬಿಣ, ಅದರ ಜೊತೆ ಮೂರು ರೂಪಾಯಿ ತೂಕದ ತಂಗಡಿ ಕಟ್ಟಿಗೆ ಮತ್ತು ಎರಡು ಹಸಿರು ಎಲೆ ಇಡಬೇಕು. ತಂಗಡಿ ಅಂದರೆ ಹಳದಿ ಹೂ ಬಿಡುವ ಆವರಿಕೆ ಗಿಡ, ಬಯಲಿನಲ್ಲಿ ಯಾರೂ ಬಿತ್ತದೆ ಬೆಳೆಯುವಂಥದು. ಬೇರೆ ಕಡೆ ಎಕ್ಕೆ ಎಲೆ ಹಾಕುತ್ತಿದ್ದುದೂ ಉಂಟು. ಮೂಸೆಯ ಬಾಯಿಗೆ ಮಣ್ಣು ಮೆತ್ತಿ ಗಾಳಿ ಆಡದಂತೆ ಮುಚ್ಚಿ, ಹದಿನೈದರಷ್ಟು ಮೂಸೆಗಳನ್ನು ಒಲೆಯಲ್ಲಿ ಕಮಾನಿನಂತೆ ಜೋಡಿಸಿ, ಇದ್ದಲಿ ತುಂಬಿ, ಎಮ್ಮೆ ಚರ್ಮದ ತಿದಿಗಳಿಂದ ತಾಸುಗಟ್ಟಲೆ ಊದಬೇಕು. ಒಳಗೆ ಕಬ್ಬಿಣ ಪೂರ್ತಿ ಕರಗಿ ನೀರಾಗುತ್ತದೆ. ಮೂಸೆ ಆರಿದ ಮೇಲೆ ಒಡೆದರೆ ತಳದಲ್ಲಿ ಗೋಪುರದಾಕಾರದ ಉಕ್ಕಿನ ಗಟ್ಟಿ ಸಿಗುತ್ತದೆ.

ನೋಡಲಿಕ್ಕೆ ಅಡುಗೆಯಷ್ಟೇ ಸರಳ. ಆದರೆ ಇದರಲ್ಲಿ ಅಡಗಿದ ತಿಳಿವು ದೊಡ್ಡದು. ಮೆದು ಕಬ್ಬಿಣದಲ್ಲಿ ಇಂಗಾಲ ಹೆಚ್ಚೂಕಡಿಮೆ ಇರುವುದೇ ಇಲ್ಲ. ಅದಕ್ಕೇ ಅದು ಬೇಗ ಮೊಂಡಾಗುತ್ತದೆ. ಎರಕದ ಬೀಡಿನಲ್ಲಿ ನೂರು ತೊಲೆಗೆ ಮೂರು ನಾಲ್ಕು ತೊಲೆ ಇಂಗಾಲ ಸೇರಿರುತ್ತದೆ. ಅದು ಗಡಸು, ಆದರೆ ಬಡಿದರೆ ಒಡೆಯುತ್ತದೆ. ಈ ಎರಡರ ನಡುವೆ, ನೂರು ತೊಲೆಗೆ ಒಂದೂವರೆ ತೊಲೆಯ ಆಸುಪಾಸು ನಿಂತರೆ ಆಗ ಹುಟ್ಟುವುದು ಈ ಉಕ್ಕು. ಮುಚ್ಚಿದ ಮೂಸೆಯಲ್ಲಿ ಸುಟ್ಟ ತಂಗಡಿ ಕಟ್ಟಿಗೆಯೂ ಎಲೆಯೂ ಆ ಇಂಗಾಲವನ್ನು ಕೊಡುತ್ತಿದ್ದವು. ಇಂಗಾಲ ಎಂಬ ಮಾತು ಕೇಳಿರದ ಕಂಬಾರ ಅದರ ಅಳತೆಯನ್ನು ರೂಪಾಯಿ ತೂಕದಲ್ಲಿ ಹಿಡಿದಿಟ್ಟಿದ್ದ!

ಈ ಉಕ್ಕು ಬರೇ ಕತ್ತಿಗೆ ಹೋಗುತ್ತಿರಲಿಲ್ಲ. ಕಲ್ಲುಕುಟಿಗರ ಉಳಿಗೂ ಹೋಗುತ್ತಿತ್ತು. ಚನ್ನಪಟ್ಟಣದಲ್ಲಿ ಇದರಿಂದ ವಾದ್ಯಗಳ ತಂತಿ ಎಳೆಯುತ್ತಿದ್ದರು. ಆ ತಂತಿಗೆ ದೂರದ ಸೀಮೆಗಳಿಂದಲೂ ಬೇಡಿಕೆ ಇತ್ತೆಂದು ಬುಕಾನನ್ ಹೇಳುತ್ತಾನೆ. ಈಗಿನ ತೆಲಂಗಾಣದ ಕೋನಸಮುದ್ರಂ ಎಂಬ ಊರಿಗೆ ಇರಾನಿನ ವ್ಯಾಪಾರಿಗಳು ತಾವೇ ಬಂದು, ಒಲೆಯ ಹತ್ತಿರ ನಿಂತು ಉಕ್ಕಿನ ಗಟ್ಟಿಗಳನ್ನು ಕೊಂಡು ಒಯ್ಯುತ್ತಿದ್ದರೆಂದು 1832ರಲ್ಲಿ ಅಚ್ಚಾದ ವಾಯ್ಸಿಯ ಬರಹದಿಂದ ತಿಳಿಯುತ್ತದೆ.

ಸಾಹೇಬರು ಗುಟ್ಟು ಹುಡುಕಿದ್ದು

1794ರಲ್ಲಿ ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಈ ಲೋಹದ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷೆ ಮಾಡಿ ಪ್ರಬಂಧ ಓದಿದ. ಅವರ ಬರಹದಲ್ಲಿ ಲೋಹದ ಹೆಸರು 'ವೂಟ್ಜ್'. ನಮ್ಮ 'ಉಕ್ಕು' ಎಂಬ ಮಾತೇ ಅವರ ಕಿವಿಯಲ್ಲಿ, ಲೇಖಣಿಯಲ್ಲಿ ಹೀಗೆ ತಿರುಚಿಕೊಂಡಿತು ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಇಂದಿಗೂ ಜಗತ್ತಿನ ಲೋಹಶಾಸ್ತ್ರದ ಪುಸ್ತಕಗಳಲ್ಲಿ ಅದೇ ಹೆಸರು. ಅವರ ಪ್ರಬಂಧದ ತಲೆಬರಹದಲ್ಲಿ ಇದು ಮುಂಬಯಿಯಲ್ಲಿ ತಯಾರಾದದ್ದೆಂದು ಬರೆಯಲಾಗಿತ್ತು. ತಯಾರಿಸಿದ ಹಳ್ಳಿಯ ಹೆಸರು ಬಿಟ್ಟುಹೋಗಿ ಹಡಗು ಹತ್ತಿಸಿದ ಊರಿನ ಹೆಸರು ಉಳಿಯಿತು. ಹಳ್ಳಿಯ ದುಡಿಮೆಯ ಹಣೆಬರಹವೇ ಹೀಗೆ ಅನ್ನಬೇಕು.

ಮುಂದೆ ಈ ಗುಟ್ಟಿನ ಬೆನ್ನು ಹತ್ತಿದವನು ಮೈಕೆಲ್ ಫ್ಯಾರಡೆ. ವಿದ್ಯುತ್ ಶಾಸ್ತ್ರದ ಪಿತಾಮಹ ಎನಿಸಿದ ಇವನು ಒಬ್ಬ ಕಂಬಾರನ ಮಗ. 1819ರಿಂದ ಕೆಲವು ವರ್ಷ ಸ್ಟೊಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ ಇವನು ನಮ್ಮ ಉಕ್ಕನ್ನು ಪರೀಕ್ಷಿಸಿದ. ಅಲ್ಯೂಮಿನಿಯಂ ಅಂಶವೇ ಇದರ ಗುಟ್ಟು ಎಂದು ಅವನಿಗೆ ಅನಿಸಿತ್ತು. ಅದು ಸರಿಯಾಗಿರಲಿಲ್ಲ. ಆದರೂ ಉಕ್ಕಿಗೆ ಬೇರೆ ಲೋಹ ಬೆರೆಸಿ ನೋಡುವ ಹೊಸ ಶಾಸ್ತ್ರಕ್ಕೆ ಆ ಪ್ರಯೋಗಗಳೇ ದಾರಿ ತೆರೆದವು. ಪ್ಯಾರಿಸ್ಸಿನ ಟಂಕಸಾಲೆಯ ಬ್ರಿಯಾಂಟ್ 1820ರ ದಶಕದಲ್ಲಿ ಇಂಗಾಲದ ಪಾತ್ರವನ್ನು ಸರಿಯಾಗಿ ಗುರುತಿಸಿದ. ರಷ್ಯಾದ ಅನೋಸೊವ್ ಹಲವು ವರ್ಷ ದುಡಿದು 1841ರಲ್ಲಿ ತನ್ನ ಫಲಿತಾಂಶ ಪ್ರಕಟಿಸಿದ.

ಇಷ್ಟೆಲ್ಲ ಆದರೂ ಯುರೋಪಿನ ಕಂಬಾರರಿಗೆ ಈ ಉಕ್ಕು ಬಗ್ಗುತ್ತಿರಲಿಲ್ಲ. ಅವರು ತಮ್ಮ ರೂಢಿಯಂತೆ ಬೆಳ್ಳಗೆ ಕಾಯಿಸಿ ಬಡಿದರೆ ಗಟ್ಟಿ ಪುಡಿಪುಡಿಯಾಗುತ್ತಿತ್ತು. ನಮ್ಮ ಕಡೆಯ ಮತ್ತು ಇರಾನಿನ ಕಂಬಾರರು ಅದನ್ನು ಕೆಂಪಗೆ ಮಾತ್ರ ಕಾಯಿಸಿ, ಆರುತ್ತಲೇ ಮತ್ತೆ ಒಲೆಗಿಟ್ಟು, ಸಣ್ಣ ಸಣ್ಣ ಪೆಟ್ಟಿನಿಂದ ತಾಳ್ಮೆಯಲ್ಲಿ ಬಡಿಯುತ್ತಿದ್ದರು. ಬಿಸಿಯ ಅಳತೆ ಅವರ ಕಣ್ಣಲ್ಲಿತ್ತು, ಪೆಟ್ಟಿನ ಅಳತೆ ತೋಳಲ್ಲಿತ್ತು. ಸಾಹೇಬರು ಮೂಸೆಗೆ ಏನು ಹಾಕುತ್ತಾರೆ ಎಂಬುದನ್ನು ತೂಕ ಸಮೇತ ಬರೆದುಕೊಂಡರು. ಕಣ್ಣಿನ, ಕೈಯ ತಿಳಿವಳಿಕೆಯನ್ನು ಬರೆದುಕೊಳ್ಳಲು ಅವರಿಗೆ ಆಗಲಿಲ್ಲ. ಮರೆತುಹೋದದ್ದು ಈ ಭಾಗ ಎಂಬುದನ್ನು ಸದಸ್ಯರು ಗಮನಿಸಬೇಕು.

ಕುಲುಮೆ ಆರಿದ್ದು ಹೇಗೆ?

ಇಷ್ಟು ಹೆಸರಾದ ಕಸುಬು ನೂರು ವರ್ಷದೊಳಗೆ ಹೇಗೆ ನಿಂತಿತು? ಇದಕ್ಕೆ ಒಂದೇ ಕಾರಣ ಇಲ್ಲ.

ಮೊದಲನೆಯದು ಗಿರಾಕಿ ಹೋದದ್ದು. ರಾಜ್ಯಗಳು ಬಿದ್ದವು, ಸೈನ್ಯಗಳು ಚದುರಿದವು, ಕತ್ತಿಯ ಜಾಗಕ್ಕೆ ಬಂದೂಕು ಬಂತು. 1857ರಲ್ಲಿ ಇಂಗ್ಲಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಇದನ್ನು ಎದುರಿಸಿ ನಿಂತವರು ನಮ್ಮ ಪಕ್ಕದ ಮುಧೋಳ ಸೀಮೆಯ ಹಲಗಲಿಯ ಬೇಡರು. ಆಯುಧ ಕೊಡುವುದಿಲ್ಲ ಎಂದ ತಪ್ಪಿಗೆ ಆ ವರ್ಷದ ನವೆಂಬರಿನಲ್ಲಿ ಇಂಗ್ಲಿಷರ ದಂಡು ಹಲಗಲಿಗೆ ಬೆಂಕಿ ಇಟ್ಟಿತು, ಮುಂದೆ ಹಲವರನ್ನು ನೇಣಿಗೇರಿಸಿತು. ಆ ಲಾವಣಿಯನ್ನು ನಮ್ಮ ಭಾಗದ ಹಿರಿಯರು ಕೇಳಿಯೇ ಇದ್ದಾರೆ. 1878ರ ಆಯುಧ ಕಾಯ್ದೆಯಿಂದ ಪರವಾನಗಿ ಇಲ್ಲದೆ ಆಯುಧ ಇಡುವುದೇ ಅಪರಾಧವಾಯಿತು. ಕತ್ತಿ ಕೊಳ್ಳುವವರಿಲ್ಲದ ಮೇಲೆ ಕತ್ತಿಯ ಉಕ್ಕು ಯಾರಿಗೆ ಬೇಕು?

ಎರಡನೆಯದು ಅಗ್ಗದ ಮಾಲು. 1856ರಲ್ಲಿ ಇಂಗ್ಲೆಂಡಿನ ಬೆಸ್ಸೆಮರ್ ಟನ್‌ಗಟ್ಟಲೆ ಉಕ್ಕು ಒಮ್ಮೆಗೇ ತೆಗೆಯುವ ಉಪಾಯ ಕಂಡುಹಿಡಿದ. ಅಲ್ಲಿಯ ಸರಕು ಹಡಗಿನಲ್ಲಿ ಬಂದು, ರೈಲಿನಲ್ಲಿ ಒಳನಾಡಿಗೆ ಇಳಿಯಿತು. ಒಂದೊಂದು ಮೂಸೆಯಲ್ಲಿ ಅಂಗೈಯಗಲ ಗಟ್ಟಿ ತೆಗೆಯುವವನು ಅದರೊಂದಿಗೆ ಹೇಗೆ ಸ್ಪರ್ಧಿಸಬೇಕು?

ಮೂರನೆಯದು ಇದ್ದಲಿ. 1865 ಮತ್ತು 1878ರ ಅರಣ್ಯ ಕಾಯ್ದೆಗಳಿಂದ ಕಾಡು ಸರಕಾರದ ಪಾಲಾಯಿತು. ಮೊದಲಿನ ಹಾಗೆ ಕಟ್ಟಿಗೆ ಕಡಿದು ಇದ್ದಲಿ ಸುಡುವುದು ಕಷ್ಟವಾಯಿತು.

ನಾಲ್ಕನೆಯದನ್ನು ನಮ್ಮ ಕಾಲದ ವಿಜ್ಞಾನ ಸೇರಿಸಿದೆ. ಅಮೆರಿಕದ ಪ್ರಾಧ್ಯಾಪಕ ವೆರ್‌ಹೋವೆನ್ ಮತ್ತು ಕುದುರೆಗೆ ಲಾಳ ಕಟ್ಟುವ ಕಸುಬಿನ ಪೆಂಡ್ರೆ ಎಂಬ ಕಂಬಾರ ಕೂಡಿ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಅವರು 1998ರಲ್ಲಿ ಹೇಳಿದ್ದೇನೆಂದರೆ, ಆ ತೆರೆಯಂಥ ಗೆರೆಗಳು ಮೂಡಲು ಅದಿರಿನಲ್ಲಿ ವನೇಡಿಯಂನಂಥ ಲೋಹ ಅತ್ಯಲ್ಪ ಪ್ರಮಾಣದಲ್ಲಾದರೂ ಇರಬೇಕು. ಎಲ್ಲ ಅದಿರಿನಲ್ಲಿ ಅದು ಇರುವುದಿಲ್ಲ. ಅಂಥ ಅದಿರು ಸಿಗುವ ಗಣಿ ಬದಲಾದಾಗ ಅದೇ ಕಂಬಾರ ಅದೇ ಕ್ರಮದಲ್ಲಿ ಬಡಿದರೂ ಗೆರೆ ಮೂಡದೇ ಹೋಗಿರಬಹುದು ಎಂಬುದು ಅವರ ವಿಚಾರ. 2006ರಲ್ಲಿ ಜರ್ಮನಿಯ ಪೌಫ್ಲರ್ ಮತ್ತು ಸಂಗಡಿಗರು 17ನೇ ಶತಮಾನದ ಇಂಥ ಕತ್ತಿಯೊಂದರಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಇಂಗಾಲದ ನಳಿಗೆಗಳಿವೆ ಎಂದು ಪ್ರಕಟಿಸಿದರು. ಬೆಂಗಳೂರಿನ ವಿದ್ವಾಂಸರಾದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು 2004ರಲ್ಲಿ ಈ ಉಕ್ಕಿನ ಮೇಲೆಯೇ ಒಂದು ಗ್ರಂಥ ಹೊರತಂದಿದ್ದಾರೆ.

ಗಮನಿಸಿ, ಒಬ್ಬ ಪ್ರಾಧ್ಯಾಪಕನೂ ಒಬ್ಬ ಕಂಬಾರನೂ ಜೊತೆಗೆ ಕೂತ ಮೇಲೆಯೇ ಈ ವಿಷಯ ಮುಂದುವರಿಯಿತು. ಬರೇ ಪುಸ್ತಕದಿಂದ ಆಗಲಿಲ್ಲ, ಬರೇ ಸುತ್ತಿಗೆಯಿಂದಲೂ ಆಗಲಿಲ್ಲ.

ಬೀದರಿನ ಪಾಠ

ಹಳೆಯ ಕಸುಬೆಲ್ಲ ಸಾಯಲೇಬೇಕೆಂಬ ನಿಯಮವೇನೂ ಇಲ್ಲ. ನಮ್ಮದೇ ಕಡೆಯ ಬೀದರಿನಲ್ಲಿ ಬಹಮನಿ ಕಾಲದ ಬಿದರಿ ಕೆಲಸ ಇಂದಿಗೂ ಜೀವಂತ ಇದೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂಡಿಸಿ, ಹಳೇ ಕೋಟೆಯ ಮಣ್ಣು ಹಚ್ಚಿ ಕಪ್ಪು ಬಣ್ಣ ಬರಿಸುವ ಆ ವಿದ್ಯೆಯೂ ಮನೆತನದ ಕೈಯಲ್ಲೇ ಇತ್ತು. ಅದರಲ್ಲಿಯೂ ಯಾವ ಮಣ್ಣು ಎಂಬುದನ್ನು ಅನುಭವಿಯ ನಾಲಗೆಯೇ ಹೇಳಬೇಕು. ಆದರೆ ಅದಕ್ಕೆ ಕೊಳ್ಳುವವರು ಉಳಿದರು, ಕಲಿಯುವ ಹುಡುಗರು ಉಳಿದರು, ಮುಂದೆ ಸರಕಾರದ ಮತ್ತು ಸಂಘಗಳ ಬೆಂಬಲವೂ ಸಿಕ್ಕಿತು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ಆಯಿತು.

ಉಕ್ಕಿನ ಕಂಬಾರನಿಗೆ ಇವು ಯಾವುವೂ ಸಿಗಲಿಲ್ಲ. ಪೇಟೆ ಬಿದ್ದಾಗ ಒಂದೊಂದು ಕುಲುಮೆ ಒಂಟಿಯಾಗಿ ಬಿತ್ತು. ಕೂಡಿ ಇದ್ದಲಿ ಕೊಳ್ಳಲಿಕ್ಕೆ, ಕೂಡಿ ಮಾಲು ಮಾರಲಿಕ್ಕೆ, ಕೆಟ್ಟ ಕಾಲದಲ್ಲಿ ಕೈಗಡ ಕೊಡಲಿಕ್ಕೆ ಒಂದು ಸಂಘ ಇರಲಿಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಆ ಹೊತ್ತಿಗೆ ಉಕ್ಕಿನ ಮೂಸೆಗಳು ಆರಿಹೋಗಿದ್ದವು. ಒಗ್ಗಟ್ಟು ಬರುವಷ್ಟರಲ್ಲಿ ಕಸುಬು ಹೋಗಿತ್ತು.

ನಾವೇನು ಮಾಡಬಹುದು?

ಇದನ್ನೆಲ್ಲ ಹೇಳಿದ್ದು ಹಳೇ ವೈಭವ ನೆನೆದು ಮೀಸೆ ತಿರುವಲಿಕ್ಕಲ್ಲ. ನಮ್ಮ ಕಣ್ಣೆದುರೇ ಇನ್ನೊಂದು ವಿದ್ಯೆ ಅದೇ ದಾರಿ ಹಿಡಿದಿದೆ ಎಂಬ ಕಳವಳದಿಂದ ಹೇಳುತ್ತಿದ್ದೇವೆ.

ಎರಿ ಹೊಲಕ್ಕೆ ಕುಂಟೆಯ ಕುಡ ಎಷ್ಟು ಬಾಗಬೇಕು, ಮಸಬು ಹೊಲಕ್ಕೆ ಎಷ್ಟು, ಲಾರಿಯ ಹಳೇ ಕಮಾನ್ ಪಟ್ಟಿಯಲ್ಲಿ ಕೊಡಲಿ ಆದೀತೋ ಕುಡಗೋಲು ಆದೀತೋ, ಕಾಯಿಸಿದ ಅಲಗನ್ನು ಯಾವ ಬಣ್ಣಕ್ಕೆ ತೆಗೆದು ನೀರಿಗೆ ಅದ್ದಬೇಕು, ಅದ್ದಿದ ಮೇಲೆ ಜೋಳದ ಸೊಪ್ಪಿಯ ಬಣ್ಣ ಏರಿದಾಗ ನಿಲ್ಲಿಸಬೇಕೋ ನೀಲಿ ಏರಿದಾಗ ನಿಲ್ಲಿಸಬೇಕೋ, ಇವನ್ನೆಲ್ಲ ಬಲ್ಲ ಹಿರಿಯ ಕಂಬಾರರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಮೊದಲು ಅವರಿಗೆ ಸುಗ್ಗಿಯಲ್ಲಿ ಆಯ ಸಲ್ಲುತ್ತಿತ್ತು. ಈಗ ಟ್ರ್ಯಾಕ್ಟರ್ ಬಂತು, ಸಂತೆಯಲ್ಲಿ ತಯಾರಾದ ಕುಡಗೋಲು ಬಂತು. ಅವರ ಮಕ್ಕಳು ವೆಲ್ಡಿಂಗ್ ಅಂಗಡಿಗೆ, ಪುಣೆಗೆ, ಬೆಂಗಳೂರಿಗೆ ಹೋದರು. ಹೋದದ್ದು ತಪ್ಪಲ್ಲ. ಹೊಟ್ಟೆಪಾಡು ಯಾರನ್ನೂ ಬಿಟ್ಟಿಲ್ಲ. ಆದರೆ ಆ ಹಿರಿಯರ ಜೊತೆಗೇ ಅವರ ತಿಳಿವಳಿಕೆಯೂ ಮಣ್ಣಿಗೆ ಹೋಗಬೇಕೇನು?

ನಮ್ಮ ಸಂಘದಲ್ಲಿ ಒಂದು ರೂಪಾಯಿಯ ಷೇರಿಗೂ ಖಾತೆ ಇದೆ, ಒಂದು ಚೀಲ ಗೊಬ್ಬರಕ್ಕೂ ಪಾವತಿ ಇದೆ. ಊರಿನ ವಿದ್ಯೆಗೆ ಮಾತ್ರ ಖಾತೆ ಇಲ್ಲ. ಆದ್ದರಿಂದ ಬೆಳ್ಳಿ ಹಬ್ಬದ ನೆನಪಿಗೆ ಸಂಘವು ಒಂದು ಠರಾವು ಮಾಡಿ, ಸಾಲಿಯ ಮಾಸ್ತರರ ಮತ್ತು ಓದಿದ ಹುಡುಗರ ಸಹಾಯದಿಂದ ಕಂಬಾರ, ಬಡಿಗೇರ, ಕುಂಬಾರ, ನೇಕಾರ ಹಿರಿಯರ ತಿಳಿವಳಿಕೆಯನ್ನು ಬರೆಸಿ ಇಡಬೇಕೆಂದು ನಾವು ಸೂಚಿಸುತ್ತೇವೆ. ಬರಹದ ಜೊತೆ ಅವರ ಕೈಕೆಲಸದ ಚಿತ್ರವನ್ನೂ ತೆಗೆದಿಡಬೇಕು. ಈಗ ಕಿಸೆಯಲ್ಲೇ ಕ್ಯಾಮರಾ ಇದೆ, ಖರ್ಚಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಲಿಯುವ ಮನಸ್ಸುಳ್ಳ ಒಬ್ಬಿಬ್ಬರು ತರುಣರಿಗಾದರೂ ಸಂಘ ಸಾಲದ ಆಸರೆ ಕೊಡಬೇಕು. ಸದಸ್ಯರಾದ ನಾವು ಕುಡಗೋಲು, ಕುರಪಿಗಳನ್ನು ಸಾಧ್ಯವಿದ್ದಷ್ಟು ಊರ ಕುಲುಮೆಯಲ್ಲೇ ಮಾಡಿಸಬೇಕು. ಬರೆದಿಟ್ಟರೆ ಅರ್ಧ ಉಳಿಯುತ್ತದೆ, ಕೈಯಿಂದ ಕೈಗೆ ದಾಟಿದರೆ ಪೂರ್ತಿ ಉಳಿಯುತ್ತದೆ. ಉಕ್ಕಿನ ಚರಿತ್ರೆ ನಮಗೆ ಕಲಿಸಿದ್ದು ಇಷ್ಟೇ.

ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬ ಗಾದೆ ಎಲ್ಲರಿಗೂ ಗೊತ್ತಿದೆ. ನಮ್ಮ ಹಿರಿಯರ ಕುಲುಮೆಯಲ್ಲಿ ಇನ್ನೂ ಕೆಂಡ ಇದೆ. ಸಂಘವು ಇಪ್ಪತ್ತೈದು ವರ್ಷ ನಡೆದ ದಾರಿಯಲ್ಲೇ ಇನ್ನೂ ನೂರು ವರ್ಷ ನಡೆಯಲಿ, ನಡೆಯುವಾಗ ಈ ಕೆಂಡವನ್ನೂ ಜೊತೆಗೆ ಒಯ್ಯಲಿ ಎಂದು ಸದಸ್ಯ ಬಾಂಧವರೆಲ್ಲರ ಪರವಾಗಿ ಹಾರೈಸುತ್ತೇವೆ.